ಅಮೆರಿಕಕ್ಕೆ ಓದಲು ಹೊರಟವರು ನಡುದಾರಿಯ ಏರ್‌ಪೋರ್ಟಿನಲ್ಲಿ ಇಮಿಗ್ರೇಷನ್ ಮುಗಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಅರ್ಬಾನಾ-ಷಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟವರ ಟಿಕೆಟ್ ಒಂದನ್ನು ನೋಡಿ. ಬೆಂಗಳೂರಿನಿಂದ ಲಂಡನ್‌ನ ಹೀಥ್ರೂ, ಅಲ್ಲಿಂದ ಷಿಕಾಗೊದ ಓಹೇರ್, ಓಹೇರ್‌ನಿಂದ ಷಾಂಪೇನ್. ಮೂರು ವಿಮಾನ, ಒಂದೇ ಟಿಕೆಟ್. ಬೆಂಗಳೂರಿನ ಕೌಂಟರಿನಲ್ಲಿ ಸೂಟ್‌ಕೇಸಿಗೆ ಸುತ್ತುವ ಟ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಸಿಎಂಐ ಎಂದಿರುತ್ತದೆ. ಅದು ಷಾಂಪೇನ್ ಏರ್‌ಪೋರ್ಟಿನ ಕೋಡ್. ಅದನ್ನು ನೋಡಿದ ಕೂಡಲೇ ಮನೆಯವರಿಗೆ ನಿರಾಳ. ಲಗೇಜು ಸೀದಾ ಷಾಂಪೇನ್‌ಗೆ ಹೋಗುತ್ತದೆ, ಇಮಿಗ್ರೇಷನ್ನೂ ಅಲ್ಲೇ ಆಗುತ್ತದೆ ಅಂದುಕೊಳ್ಳುತ್ತಾರೆ.

ಎರಡೂ ತಪ್ಪು. ಅಮೆರಿಕದಲ್ಲಿ ನೀವು ಇಳಿಯುವ ಮೊದಲ ಏರ್‌ಪೋರ್ಟಿನಲ್ಲೇ ಇಮಿಗ್ರೇಷನ್ ಆಗಬೇಕು. ಲಗೇಜನ್ನೂ ಅಲ್ಲೇ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ವಿಮಾನದವರ ಕೈಗೆ ಕೊಡಬೇಕು. ಆಮೇಲೆ ಇನ್ನೊಂದು ಸಲ ಸೆಕ್ಯುರಿಟಿ. ಷಾಂಪೇನ್‌ನಲ್ಲಿ ಇಳಿದಾಗ ನೀವು ದೇಶದೊಳಗೆ ಓಡಾಡುವ ಸಾಮಾನ್ಯ ಪ್ರಯಾಣಿಕರು ಅಷ್ಟೇ, ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಟಿಕೆಟ್ ಮಾಡಿಸುವಾಗಿನಿಂದ ಚೀಲ ತುಂಬುವವರೆಗಿನ ತಯಾರಿಯೆಲ್ಲ ಈ ಒಂದು ನಿಯಮದ ಸುತ್ತಲೇ ನಡೆಯಬೇಕು.

ಈ ಬರಹ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಮೊದಲ ಸಲ ಹೋಗುವವರಿಗೆ. ರಜೆಗೆ ಬಂದು ವಾಪಸ್ ಹೋಗುವವರಿಗೆ ಬೇರೆಯಾಗುವ ಒಂದೆರಡು ವಿಷಯಗಳನ್ನೂ ಹೇಳಿದ್ದೇನೆ.

1. ಟಿಕೆಟ್ ಮಾಡಿಸುವಾಗಲೇ ನೋಡಬೇಕಾದದ್ದು

ಮೊದಲು ತಾರೀಖು. ಸೀಟು ಕೊಟ್ಟ ವಿಶ್ವವಿದ್ಯಾಲಯ ವೀಸಾಕ್ಕೆಂದು ಕಳಿಸುವ ಫಾರಂ ಐ-20. ಅದರಲ್ಲಿ ಕೋರ್ಸ್ ಶುರುವಾಗುವ ದಿನ ಅಚ್ಚಾಗಿರುತ್ತದೆ. ಅದಕ್ಕೆ 30 ದಿನಕ್ಕಿಂತ ಮುಂಚೆ ಅಮೆರಿಕದೊಳಗೆ ಬಿಡುವುದಿಲ್ಲ. ಅಣ್ಣನ ಮನೆಯಲ್ಲಿ ಎರಡು ತಿಂಗಳು ಇದ್ದು ಆಮೇಲೆ ಕಾಲೇಜಿಗೆ ಹೋಗುತ್ತೇನೆ ಎಂದರೆ ಎಫ್-1 ವೀಸಾದಲ್ಲಿ ಆಗದು. ಆ ದಿನ ದಾಟಿದ ಮೇಲೆ ತಲುಪುವಂತಿದ್ದರೆ, ತಡವಾಗಿ ಬರಬಹುದು ಎಂದು ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿನಿಂದ ಪತ್ರ ಅಥವಾ ತಿದ್ದಿದ ಐ-20 ತರಿಸಿಕೊಂಡೇ ಹೊರಡಿ. ಇಲ್ಲದಿದ್ದರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ತಕರಾರು ಶುರುವಾಗಬಹುದು.

ಎರಡನೆಯದು, ಎಲ್ಲ ವಿಮಾನಗಳೂ ಒಂದೇ ಟಿಕೆಟ್‌ನಲ್ಲಿರಲಿ. ಷಿಕಾಗೊವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಅಗ್ಗಕ್ಕೆ ಸಿಕ್ಕಿದ ಇನ್ನೊಂದು ಟಿಕೆಟ್ ಎಂದು ಮಾಡಿಸಿಕೊಂಡರೆ ಐದಾರು ಸಾವಿರ ಉಳಿದೀತು. ಆದರೆ ಇಮಿಗ್ರೇಷನ್ ಸಾಲಿನಲ್ಲಿ ತಡವಾಗಿ ಎರಡನೇ ವಿಮಾನ ತಪ್ಪಿದರೆ ಆ ಕಂಪನಿಗೆ ನಿಮ್ಮ ಕತೆ ಬೇಕಾಗಿಲ್ಲ. ಹೊಸ ಟಿಕೆಟ್ ನೀವೇ ಕೊಳ್ಳಬೇಕು. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಜವಾಬ್ದಾರಿ.

ಮೂರನೆಯದು ಸಮಯ. ಮೊದಲ ಅಮೆರಿಕನ್ ಏರ್‌ಪೋರ್ಟಿನಲ್ಲಿ ಕಡಿಮೆ ಎಂದರೆ ಮೂರು ಗಂಟೆ ಬಿಡುವು ಇರಲಿ. ಆಗಸ್ಟಿನಲ್ಲಿ ಹೋಗುವವರು ನಾಲ್ಕು ಇಟ್ಟುಕೊಳ್ಳಿ. ಆ ತಿಂಗಳು ಪ್ರಪಂಚದ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬಂದಿಳಿಯುತ್ತಾರೆ. ಸಾಲದ್ದಕ್ಕೆ ಷಿಕಾಗೊ ಕಡೆ ಗುಡುಗು-ಮಳೆಯ ಕಾಲ ಬೇರೆ. ಟಿಕೆಟ್ ವೆಬ್‌ಸೈಟ್‌ಗಳು ಒಂದೂವರೆ ಗಂಟೆಯ ಬಿಡುವನ್ನೂ ಧೈರ್ಯವಾಗಿ ಮಾರುತ್ತವೆ. ನಿಯಮದ ಪ್ರಕಾರ ಅದು ಸರಿ ಇರಬಹುದು. ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಮೊದಲ ಸಲ ಹೋಗುವವರಿಗೆ ಅದು ಸಾಲುವುದಿಲ್ಲ.

ನಾಲ್ಕನೆಯದು, ನಡುವಿನ ದೇಶದ ವೀಸಾ. ಇಲ್ಲಿ ಎಡವುವವರು ಜಾಸ್ತಿ.

- ದುಬೈ, ದೋಹಾ, ಅಬುಧಾಬಿ: ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗದಿದ್ದರೆ ವೀಸಾ ಬೇಡ.
- ಹೀಥ್ರೂ: ಒಳಗೊಳಗೇ ವಿಮಾನ ಬದಲಿಸುವ ಭಾರತೀಯರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಆದರೆ ಅಮೆರಿಕದ ಚಾಲ್ತಿ ವೀಸಾ ಇದ್ದರೆ ವಿನಾಯಿತಿ ಇದೆ. ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಹತ್ತುವ ಟಿಕೆಟ್ ಮಾತ್ರ ಬೇಡವೇ ಬೇಡ. ಅದು ಬೇರೆ ಏರ್‌ಪೋರ್ಟ್. ಬ್ರಿಟನ್ನಿನ ಇಮಿಗ್ರೇಷನ್ ದಾಟಿ, ಊರು ಸುತ್ತಿ ಹೋಗಬೇಕಾಗುತ್ತದೆ.
- ಫ್ರಾಂಕ್‌ಫರ್ಟ್, ಮ್ಯೂನಿಕ್: ಅಮೆರಿಕದ ವೀಸಾ ಇದ್ದವರಿಗೆ ಒಂದೇ ಏರ್‌ಪೋರ್ಟಿನೊಳಗೆ ಬದಲಿಸಲು ಟ್ರಾನ್ಸಿಟ್ ವೀಸಾ ಬೇಡ. ಆದರೆ ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್ ಅಥವಾ ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್ ಹೀಗೆ ಯುರೋಪಿನೊಳಗೇ ಎರಡು ನಿಲುಗಡೆ ಇದ್ದರೆ ನೀವು ಷೆಂಗೆನ್ ಪ್ರದೇಶದೊಳಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೋದಂತೆ. ಅದಕ್ಕೆ ಷೆಂಗೆನ್ ವೀಸಾನೇ ಬೇಕು.
- ಟೊರಾಂಟೊ, ವ್ಯಾಂಕೂವರ್: ಕೆನಡಾ ಮೂಲಕ ಹೋಗುವ ಭಾರತೀಯರು, ಅಮೆರಿಕದ ವೀಸಾ ಇದ್ದರೂ, ಕೆನಡಾದ ಟ್ರಾನ್ಸಿಟ್ ವೀಸಾ ಮಾಡಿಸಬೇಕು. ಅದಕ್ಕೆ ಶುಲ್ಕ ಇಲ್ಲ, ಆದರೆ ಅರ್ಜಿ, ಕಾಯುವಿಕೆ ಎಲ್ಲ ಇದೆ.

ಈ ನಿಯಮಗಳು ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮುಂಚೆ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ನೋಡಿ. ಟ್ರಾವೆಲ್ ಏಜೆಂಟ್ 'ಏನೂ ಬೇಡ ಸಾರ್' ಅಂದದ್ದನ್ನು ನಂಬಿ ಕೂರಬೇಡಿ.

2. ಹೆಗಲ ಚೀಲದ ಫೈಲು

ಇಮಿಗ್ರೇಷನ್ ಮುಗಿದ ಮೇಲೆ ಸೂಟ್‌ಕೇಸ್ ಸಿಗುತ್ತದೆ, ಅದಕ್ಕೂ ಮುಂಚೆ ಅಲ್ಲ. ಹಾಗಾಗಿ ಕಾಗದವೆಲ್ಲ ನಿಮ್ಮ ಮೈಮೇಲಿನ ಚೀಲದಲ್ಲೇ ಇರಬೇಕು. ಫೋನಿನಲ್ಲಿದೆ ಎಂದರೂ ಸಾಲದು. ಇಮಿಗ್ರೇಷನ್ ಹಾಲಿನಲ್ಲಿ ಫೋನ್ ಬಳಸಬಾರದು ಎಂದು ಗೋಡೆ ತುಂಬ ಬೋರ್ಡ್ ಹಾಕಿರುತ್ತಾರೆ.

ಪಾಸ್‌ಪೋರ್ಟ್, ಅದರೊಳಗಿನ ವೀಸಾ, ಐ-20: ಇವು ಮೂರು ಇಲ್ಲದೆ ಮಾತೇ ಇಲ್ಲ. ಐ-20 ಇಮೇಲಿನಲ್ಲಿ ಬಂದಿದ್ದರೆ ಎಲ್ಲ ಪುಟಗಳ ಪ್ರಿಂಟ್ ತೆಗೆದು, ಮೊದಲ ಪುಟದಲ್ಲಿ ವಿದ್ಯಾರ್ಥಿಯ ಜಾಗದಲ್ಲಿ ಪೆನ್ನಿನಿಂದ ಸಹಿ ಮಾಡಿ. ವಯಸ್ಸು 18 ಆಗಿಲ್ಲದಿದ್ದರೆ ಅಪ್ಪ ಅಥವಾ ಅಮ್ಮನ ಸಹಿಯೂ ಬೇಕು. ಸಹಿ ಇಲ್ಲದ ಐ-20 ಹಿಡಿದು ಕೌಂಟರಿಗೆ ಬರುವವರು ಎಷ್ಟೋ ಜನ. ರಜೆ ಮುಗಿಸಿ ವಾಪಸ್ ಹೋಗುವವರು ಎರಡನೇ ಪುಟ ತಿರುವಿ ನೋಡಿ. ಅಲ್ಲಿ ಕಾಲೇಜಿನವರ ಪ್ರಯಾಣದ ಸಹಿ ಒಂದು ವರ್ಷದೊಳಗಿನದಾಗಿರಬೇಕು. ಒಪಿಟಿಯಲ್ಲಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಎಫ್-1 ವಿದ್ಯಾರ್ಥಿಗಳಿಗೆ ಸಿಗುವ ಅನುಮತಿಯಲ್ಲಿ, ಇರುವವರಿಗೆ ಆರು ತಿಂಗಳೊಳಗಿನದು.

ಜೊತೆಗೆ ಇವೂ ಇರಲಿ: ಸೆವಿಸ್‌ಗೆ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ) 350 ಡಾಲರ್ ಶುಲ್ಕ ಕಟ್ಟಿದ ರಸೀದಿ, ಅಡ್ಮಿಷನ್ ಪತ್ರ, ಬ್ಯಾಂಕಿನ ಎಜುಕೇಷನ್ ಲೋನ್ ಮಂಜೂರಾತಿ ಪತ್ರ ಅಥವಾ ಅಪ್ಪನ ಖಾತೆಯ ವಿವರ, ಸ್ಕಾಲರ್‌ಷಿಪ್ ಅಥವಾ ಅಸಿಸ್ಟೆಂಟ್‌ಷಿಪ್ (ವಿಶ್ವವಿದ್ಯಾಲಯವೇ ಕೊಡುವ ಸಂಬಳದ ಕೆಲಸ) ಇದ್ದರೆ ಅದರ ಪತ್ರ, ಉಳಿದುಕೊಳ್ಳುವ ಮನೆಯ ಅಥವಾ ಹಾಸ್ಟೆಲಿನ ವಿಳಾಸ, ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನ ಫೋನ್ ನಂಬರು. ಈ ನಂಬರನ್ನು ಕಾಗದದ ಮೇಲೆ ಬರೆದಿಡಿ. ಆಫೀಸ್ ಸಮಯ ಬಿಟ್ಟು ಬೇರೆ ಹೊತ್ತಿನಲ್ಲಿ ಕರೆ ಮಾಡುವ ತುರ್ತು ನಂಬರ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಂಕಪಟ್ಟಿಗಳ ಮೂಲ ಪ್ರತಿಗಳೂ ಈ ಚೀಲದಲ್ಲೇ ಇರಲಿ. ಅಧಿಕಾರಿ ಕೇಳುತ್ತಾರೆಂದಲ್ಲ, ಸೂಟ್‌ಕೇಸ್ ಕಳೆದರೆ ಅವು ಮತ್ತೆ ಸಿಗುವುದಿಲ್ಲ ಎಂದು.

ಕರ್ನಾಟಕದವರಿಗೆ ಹೆಸರಿನದ್ದೊಂದು ಫಜೀತಿ ಇದೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇನಿಷಿಯಲ್ ಬಿಡಿಸಿ ಬರೆದದ್ದೆಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತದೆ. ಅಂಥವರ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಗಾಬರಿ ಬೇಡ, ಅದು ಅವರ ಪದ್ಧತಿ. ಆದರೆ ಟಿಕೆಟ್, ಐ-20, ವೀಸಾ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಇರಬೇಕು. ಸಾಲಿನಲ್ಲಿ ಯಾರಾದರೂ 'ಎಫ್‌ಎನ್‌ಯು' ಎಂದು ಕೂಗಿದರೆ ನಿಮ್ಮನ್ನೇ ಕರೆದಿರಬಹುದು.

ಇನ್ನೊಂದು ವಿಷಯ. ವೀಸಾದ ಕೆಳಗೆ ವಿಶ್ವವಿದ್ಯಾಲಯದ ಹೆಸರೂ ಸೆವಿಸ್ ನಂಬರೂ ಅಚ್ಚಾಗಿರುತ್ತವೆ. ವೀಸಾ ಸಿಕ್ಕ ಮೇಲೆ ಮನಸ್ಸು ಬದಲಿಸಿ ಬೇರೆ ಕಾಲೇಜು ಆರಿಸಿಕೊಂಡಿದ್ದರೆ, ಹೊರಡುವ ಮುಂಚೆ ಆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನ ಜೊತೆ ಮಾತಾಡಿ, ಏನು ಮಾಡಬೇಕೆಂದು ಬರಹದಲ್ಲಿ ಪಡೆದುಕೊಳ್ಳಿ. ಮೊದಲ ಸಲ ಹೋಗುವವರ ವೀಸಾದಲ್ಲಿ ಒಂದು ಹೆಸರು, ಐ-20ಯಲ್ಲಿ ಇನ್ನೊಂದು ಹೆಸರು ಇದ್ದರೆ ಪ್ರಶ್ನೆ ಬಂದೇ ಬರುತ್ತದೆ.

3. ಅಮ್ಮ ಕಟ್ಟಿಕೊಡುವ ಬುತ್ತಿ

ಇದನ್ನು ಬೇರೆಯಾಗಿ ಬರೆಯಲು ಕಾರಣವಿದೆ. ನಮ್ಮವರು ಇಮಿಗ್ರೇಷನ್‌ಗೆ ಹೆದರಿ ತಯಾರಾಗುತ್ತಾರೆ, ಕಸ್ಟಮ್ಸ್ ಮರೆತೇ ಬಿಡುತ್ತಾರೆ.

ಕರಿಬೇವು ಒಯ್ಯುವಂತಿಲ್ಲ. ನಿಂಬೆ, ಕಿತ್ತಳೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗ ಹರಡುವ ಒಂದು ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ಅಮೆರಿಕದವರು ಅದರ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಾಜಾ ಹಣ್ಣು, ಗಿಡ, ಬಿತ್ತನೆ ಬೀಜವೂ ಇಲ್ಲ. ಹೊರಡುವ ದಿನ ದೇವಸ್ಥಾನದಿಂದ ತಂದ ಬಾಳೆಹಣ್ಣು, ತುಳಸಿ, ವಿಮಾನದಲ್ಲಿ ಕೊಟ್ಟ ಸೇಬು, ಎಲ್ಲವೂ ಇದೇ ಲೆಕ್ಕ. ಮಾಂಸ ಇರುವ ಯಾವುದೂ ಬೇಡ. ಕೋಳಿ ಉಪ್ಪಿನಕಾಯಿಯೂ ಅದರಲ್ಲೇ ಬಂತು. ಅಕ್ಕಿ, ಕಡಲೆಕಾಳು ಕೂಡ ಭಾರತದಿಂದ ಲಗೇಜಿನಲ್ಲಿ ಒಯ್ಯಬಾರದ ಪಟ್ಟಿಯಲ್ಲಿವೆ, ಕಾಳುಗಳನ್ನು ಹಾಳು ಮಾಡುವ ಖಾಪ್ರಾ ಎಂಬ ಹುಳುವಿನ ಕಾರಣಕ್ಕೆ. ತುಪ್ಪ, ಹಾಲಿನ ಸಿಹಿಗಳ ಬಗ್ಗೆಯೂ ಪ್ರಶ್ನೆ ಬರುತ್ತದೆ. ತೆಗೆದಿಟ್ಟುಕೊಂಡರೆ ಬೇಜಾರು ಮಾಡಿಕೊಳ್ಳದಷ್ಟು ಮಾತ್ರ ಒಯ್ಯಿರಿ.

ಚಟ್ನಿಪುಡಿ, ಹುಳಿಪುಡಿ, ಸಾರಿನಪುಡಿ ಒಯ್ಯಬಹುದು. ಆದರೆ ಸೂಟ್‌ಕೇಸಿನಲ್ಲಿ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸುಮಾರು 350 ಗ್ರಾಂಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಬಿಚ್ಚಿಸಿ ನೋಡುತ್ತಾರೆ, ಬಿಸಾಡಿಸಲೂಬಹುದು. ಉಪ್ಪಿನಕಾಯಿ ಅವರ ಲೆಕ್ಕದಲ್ಲಿ ದ್ರವ, ಕೈಚೀಲದಲ್ಲಿ 100 ಮಿಲಿಲೀಟರ್ ಮಿತಿ. ಪೊಟ್ಟಣದ ಮೇಲೆ ಹೆಸರು ಬರೆದ ಚೀಟಿ ಅಂಟಿಸಿ. ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬಿಳಿ ಹಿಟ್ಟು ಇಟ್ಟುಕೊಂಡು ಅದು ರಾಗಿ ಅಲ್ಲ, ಅಕ್ಕಿ ಅಲ್ಲ, ಮೆಂತ್ಯದ ಹಿಟ್ಟು ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಾ ನಿಲ್ಲುವ ಕೆಲಸ ಯಾಕೆ ಬೇಕು ಅಲ್ವಾ?

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಾತ್ರೆಗಳು ಅವುಗಳ ಮೂಲ ಪಟ್ಟಿಯಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ದುಡ್ಡು ಎಷ್ಟು ಬೇಕಾದರೂ ಒಯ್ಯಬಹುದು, ಆದರೆ 10,000 ಡಾಲರಿಗಿಂತ ಜಾಸ್ತಿ ಇದ್ದರೆ ಅಮೆರಿಕದಲ್ಲಿ ಘೋಷಿಸಬೇಕು. ನಮ್ಮ ಕಡೆಯಿಂದ ಹೊರಡುವಾಗ ನೋಟಿನ ರೂಪದಲ್ಲಿ 3,000 ಡಾಲರ್ ಮಿತಿ ಇರುವುದರಿಂದ ವಿದ್ಯಾರ್ಥಿಗಳಿಗೆ ಆ ಪ್ರಶ್ನೆ ಬರುವುದು ಅಪರೂಪ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ ಇರಲಿ.

4. ಬೆಂಗಳೂರು ಮತ್ತು ಹೀಥ್ರೂ

ಇವೆರಡು ಬೇಗ ಮುಗಿಯುವ ಕೆಲಸ. ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಲ್ಲಿ ಚೆಕ್-ಇನ್. ವೀಸಾ, ಐ-20, ಅಮೆರಿಕದ ವಿಳಾಸ ಕೇಳುತ್ತಾರೆ. ಮೂರೂ ವಿಮಾನಗಳ ಬೋರ್ಡಿಂಗ್ ಪಾಸ್ ಕೊಡಿ ಎಂದು ಕೇಳಿ. ಕೊನೆಯದು ಇಲ್ಲಿ ಬರುತ್ತಿಲ್ಲ ಎಂದರೆ ಚಿಂತೆ ಇಲ್ಲ, ಷಿಕಾಗೊದಲ್ಲಿ ಕೊಡುತ್ತಾರೆ. ಲಗೇಜ್ ಟ್ಯಾಗಿನ ಚೀಟಿಗಳನ್ನು ಪಾಸ್‌ಪೋರ್ಟಿನ ಹಿಂದೆ ಅಂಟಿಸುತ್ತಾರೆ, ಕಿತ್ತು ಬಿಸಾಡಬೇಡಿ. ಆಮೇಲೆ ಭಾರತದ ಇಮಿಗ್ರೇಷನ್. ಎಲ್ಲಿಗೆ, ಏನು ಓದಲು ಎಂದು ಕೇಳಿ ಮುದ್ರೆ ಒತ್ತುತ್ತಾರೆ. ದೆಹಲಿ ಮೂಲಕ ಹೋಗುವವರಿಗೆ ಈ ಕೆಲಸ ಸಾಮಾನ್ಯವಾಗಿ ದೆಹಲಿಯಲ್ಲಿ ಆಗುತ್ತದೆ.

ಹೀಥ್ರೂನಲ್ಲಿ ಇಳಿದ ಮೇಲೆ 'ಫ್ಲೈಟ್ ಕನೆಕ್ಷನ್ಸ್' ಎಂಬ ನೇರಳೆ ಬಣ್ಣದ ಬೋರ್ಡ್‌ಗಳನ್ನೇ ಹಿಂಬಾಲಿಸಿ. ಎಲ್ಲರೂ ಹೋಗುತ್ತಿದ್ದಾರೆಂದು 'ಅರೈವಲ್ಸ್' ಕಡೆ ತಿರುಗಿದರೆ ಬ್ರಿಟನ್ನಿನ ಇಮಿಗ್ರೇಷನ್ ಸಾಲಿನಲ್ಲಿ ನಿಂತಿರುತ್ತೀರಿ. ಇಲ್ಲಿ ಲಗೇಜ್ ಎತ್ತುವ ಕೆಲಸವಿಲ್ಲ, ಸೆಕ್ಯುರಿಟಿ ಮಾತ್ರ. ಬೋರ್ಡಿಂಗ್ ಪಾಸಿನ ಮೇಲೆ ನಾಲ್ಕು ಎಸ್ ಅಕ್ಷರ ಒಟ್ಟಿಗೆ ಅಚ್ಚಾಗಿದ್ದರೆ ಗೇಟಿನ ಹತ್ತಿರ ಇನ್ನೊಮ್ಮೆ ಚೀಲ ತೆಗೆಸಿ ನೋಡುತ್ತಾರೆ. ಗೇಟಿಗೆ ಬೇಗ ಹೋಗಿ.

5. ಓಹೇರ್: ಅಧಿಕಾರಿಯ ಎದುರು

ಷಿಕಾಗೊದಲ್ಲಿ ಇಳಿಯುವ ಮುಂಚೆ ಮುಖ ತೊಳೆದು, ಪಾಸ್‌ಪೋರ್ಟು ಐ-20 ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ವಿದೇಶದಿಂದ ಬರುವ ವಿಮಾನಗಳು ಹೆಚ್ಚಾಗಿ ಟರ್ಮಿನಲ್ 5ಕ್ಕೆ ಬರುತ್ತವೆ. ಉದ್ದನೆಯ ಓಣಿಯಲ್ಲಿ ನಡೆದು ದೊಡ್ಡ ಹಾಲಿಗೆ ಬಂದಾಗ ಸಾಲು ಎರಡಾಗುತ್ತದೆ. ಒಂದು ಅಮೆರಿಕದ ಪ್ರಜೆಗಳಿಗೆ, ಇನ್ನೊಂದು ಉಳಿದವರಿಗೆ. ನಿಮ್ಮದು ಎರಡನೆಯದು. ಬೇಗ ಬಿಡುತ್ತಾರೆಂದು ಕೆಲವರು ಮೊಬೈಲ್ ಪಾಸ್‌ಪೋರ್ಟ್ ಆ್ಯಪ್ ಹಾಕಿಕೊಂಡು ಬರುತ್ತಾರೆ. ಎಫ್-1 ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ.

ವಿಮಾನಕ್ಕೆ ಸಮಯ ಕಡಿಮೆ ಇದ್ದರೆ ಸಾಲು ನೋಡಿಕೊಳ್ಳುವ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳಿ. ಒಮ್ಮೊಮ್ಮೆ ಮುಂದೆ ಬಿಡುತ್ತಾರೆ, ಒಮ್ಮೊಮ್ಮೆ ಇಲ್ಲ. ಕೇಳಿದರೆ ತಪ್ಪೇನಿಲ್ಲ, ಸುಮ್ನೆ ಹಗ್ಗದ ಕೆಳಗೆ ನುಸುಳಬೇಡಿ.

ಈಗ ಬೂತು. ಗಾಜಿನ ಹಿಂದೆ ನೀಲಿ ಸಮವಸ್ತ್ರದ ಸಿಬಿಪಿ (ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ಇಲಾಖೆ) ಅಧಿಕಾರಿ. ಪಾಸ್‌ಪೋರ್ಟಿನಲ್ಲಿ ವೀಸಾ ಪುಟ ತೆರೆದು, ಐ-20 ಜೊತೆಗೆ ಕೊಡಿ. ಇಡೀ ಫೈಲು ಮುಂದೆ ಸುರಿಯಬೇಡಿ, ಕೇಳಿದ್ದನ್ನು ಮಾತ್ರ ತೆಗೆದು ಕೊಡಿ. ಕ್ಯಾಮೆರಾ ಕಡೆ ನೋಡಲು ಹೇಳುತ್ತಾರೆ, ಬೆರಳಚ್ಚು ಕೇಳಬಹುದು. ಅದರ ನಡುವೆಯೇ ಪ್ರಶ್ನೆಗಳು.

'ಎಲ್ಲಿಗೆ ಹೊರಟಿದ್ದೀರಿ?' ಇದಕ್ಕೆ ಷಿಕಾಗೊ ಎನ್ನಬೇಡಿ. ಷಾಂಪೇನ್, ಇಲಿನಾಯ್ ವಿಶ್ವವಿದ್ಯಾಲಯ ಎನ್ನಿ. 'ಏನು ಓದಲು?' ಐ-20ಯಲ್ಲಿ ಇರುವ ಕೋರ್ಸಿನ ಹೆಸರನ್ನೇ ಹೇಳಿ. ಅಲ್ಲಿ ಸಿವಿಲ್ ಎಂಜಿನಿಯರಿಂಗ್ ಎಂದಿದ್ದು ನೀವು ಡೇಟಾ ಸೈನ್ಸ್ ಎಂದರೆ ಅವರ ಹುಬ್ಬು ಮೇಲೇರುತ್ತದೆ. 'ಯಾರು ದುಡ್ಡು ಕೊಡುತ್ತಾರೆ?' ಬ್ಯಾಂಕ್ ಲೋನ್, ಅಪ್ಪ, ಸ್ಕಾಲರ್‌ಷಿಪ್, ಯಾವುದಿದೆಯೋ ಅದು. 'ಎಲ್ಲಿ ಇರುತ್ತೀರಿ?' ವಿಳಾಸದ ಚೀಟಿ ತೋರಿಸಿ. 'ಎಷ್ಟು ದುಡ್ಡು ತಂದಿದ್ದೀರಿ? ತಿನ್ನುವ ಪದಾರ್ಥ ಏನಾದರೂ?' ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಒಂದು ಸಣ್ಣ ಮಾತು, ಆದರೆ ಮುಖ್ಯ. ನಾವು 'ಹೌದು' ಎನ್ನಲು ತಲೆಯನ್ನು ಅತ್ತಿತ್ತ ವಾಲಿಸುತ್ತೇವಲ್ಲ, ಅದು ಅಲ್ಲಿನವರಿಗೆ 'ಇಲ್ಲ' ಎಂದೋ 'ಗೊತ್ತಿಲ್ಲ' ಎಂದೋ ಕಾಣುತ್ತದೆ. ಬಾಯಿ ಬಿಟ್ಟು 'ಎಸ್' ಅಥವಾ 'ನೋ' ಎನ್ನಿ. ಪ್ರಶ್ನೆ ಅರ್ಥವಾಗದಿದ್ದರೆ ಊಹಿಸಿ ಉತ್ತರಿಸಬೇಡಿ, ಇನ್ನೊಮ್ಮೆ ನಿಧಾನವಾಗಿ ಕೇಳಲು ಹೇಳಿ. ಅವರ ಉಚ್ಚಾರ ನಮಗೆ ಹೊಸದು, ನಮ್ಮದು ಅವರಿಗೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೆಲಸದ ಮಾತು ಬಂದರೆ ಎಚ್ಚರ. ಎಫ್-1 ವೀಸಾ ಓದಲಿಕ್ಕೆ. ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೊರಗೆ, ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ, ಮಾಡುವಂತಿಲ್ಲ. ಅಸಿಸ್ಟೆಂಟ್‌ಷಿಪ್ ಇದ್ದರೆ ಧಾರಾಳವಾಗಿ ಹೇಳಿ, ಪತ್ರ ತೋರಿಸಿ. 'ಅಲ್ಲಿ ಹೋಗಿ ಯಾವುದಾದರೂ ಪಾರ್ಟ್‌ಟೈಂ ಹುಡುಕಿ ಫೀಸು ಕಟ್ಟುತ್ತೇನೆ' ಎನ್ನುವುದು ನಿಮ್ಮ ನಿಜವಾದ ಯೋಜನೆಯಾಗಿದ್ದರೆ ತೊಂದರೆ ಇರುವುದು ಉತ್ತರದಲ್ಲಲ್ಲ, ಯೋಜನೆಯಲ್ಲೇ. ಫೋನು, ಲ್ಯಾಪ್‌ಟಾಪ್ ತೆರೆದು ನೋಡುವ ಅಧಿಕಾರವೂ ಅವರಿಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಸೀನಿಯರ್ ಜೊತೆ ಅಂಥ ಕೆಲಸದ ಮಾತುಕತೆ ಇದ್ದು ವಾಪಸ್ ಹೋದವರ ಕತೆಗಳು ವಿದ್ಯಾರ್ಥಿಗಳ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ.

ಎಲ್ಲ ಸರಿ ಇದ್ದರೆ ಎರಡು ಮೂರು ನಿಮಿಷದ ಕೆಲಸ. ಪಾಸ್‌ಪೋರ್ಟಿಗೆ ಮುದ್ರೆ ಬೀಳಲಿಲ್ಲ ಎಂದು ಕಂಗಾಲಾಗಬೇಡಿ. ಈಗ ಎಷ್ಟೋ ಕಡೆ ಮುದ್ರೆ ಒತ್ತುವುದನ್ನೇ ಬಿಟ್ಟಿದ್ದಾರೆ, ದಾಖಲೆ ಕಂಪ್ಯೂಟರಿನಲ್ಲಿ ಇರುತ್ತದೆ.

6. ಪಕ್ಕದ ಕೋಣೆಗೆ ಕಳಿಸಿದರೆ

ಇದನ್ನು ಸೆಕೆಂಡರಿ ಎನ್ನುತ್ತಾರೆ. ಹೆಸರು ಯಾರದ್ದೋ ಹೆಸರಿಗೆ ಹೊಂದಿಕೆಯಾಗಿರಬಹುದು, ಸೆವಿಸ್ ದಾಖಲೆ ನೋಡಬೇಕಿರಬಹುದು, ಅಥವಾ ಸುಮ್ಮನೆ ಆರಿಸಿರಬಹುದು. ಬಹಳಷ್ಟು ಜನ ಅರ್ಧ ಗಂಟೆಯಿಂದ ಎರಡು ಗಂಟೆ ಕಾದು ಹೊರಗೆ ಬರುತ್ತಾರೆ. ಅಲ್ಲಿ ಫೋನ್ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಿ, 'ಇಳಿದ ಮೇಲೆ ನಾಲ್ಕೈದು ಗಂಟೆ ನನ್ನ ಫೋನ್ ಬರದಿದ್ದರೂ ಗಾಬರಿ ಆಗಬೇಡಿ' ಎಂದು. ಬೆಂಗಳೂರಿನಲ್ಲಿ ಆಗ ನಡುರಾತ್ರಿ ಆಗಿರುತ್ತದೆ.

ಯಾವುದೋ ಕಾಗದ ಅಥವಾ ಸಹಿ ಕಡಿಮೆ ಇದೆ ಎಂದಾದರೆ ಅಧಿಕಾರಿ ಐ-515ಎ ಎಂಬ ಫಾರಂ ಕೊಟ್ಟು 30 ದಿನಕ್ಕೆ ಒಳಗೆ ಬಿಡಬಹುದು. ಅದು ನೋಟಿಸು, ಶಿಕ್ಷೆ ಅಲ್ಲ. ಆದರೆ ಕ್ಯಾಂಪಸ್ ತಲುಪಿದ ಮರುದಿನವೇ ಅದನ್ನು ಇಂಟರ್‌ನ್ಯಾಷನಲ್ ಆಫೀಸಿಗೆ ತೋರಿಸಿ, ಗಡುವಿನೊಳಗೆ ಕಾಗದ ಕಳಿಸಬೇಕು. ಮರೆತರೆ ವಿದ್ಯಾರ್ಥಿ ಸ್ಥಾನಮಾನಕ್ಕೇ ಕುತ್ತು.

ವಾಪಸ್ ಕಳಿಸುವ ಮಾತು ಬಂದರೆ? ಅಪರೂಪ, ಆದರೆ ಆಗುತ್ತದೆ. 2023ರ ಆಗಸ್ಟಿನಲ್ಲಿ ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ, ಷಿಕಾಗೊ ನಿಲ್ದಾಣಗಳಿಂದ ಭಾರತದ ಹಲವು ವಿದ್ಯಾರ್ಥಿಗಳನ್ನು ಹಿಂದೆ ಕಳಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅಂಥ ಹೊತ್ತಿನಲ್ಲಿ ಎರಡು ದಾರಿಗಳಿರುತ್ತವೆ. ಒಂದು, ಪ್ರವೇಶದ ಕೋರಿಕೆಯನ್ನು ನೀವೇ ಹಿಂತೆಗೆದುಕೊಂಡು ಮರಳುವುದು. ಇನ್ನೊಂದು, ಅವರು ತುರ್ತು ಹೊರಹಾಕುವ ಆದೇಶ ಹೊರಡಿಸುವುದು. ಎರಡನೆಯದರಲ್ಲಿ ಸಾಮಾನ್ಯವಾಗಿ ಐದು ವರ್ಷ ನಿಷೇಧ. ಮೊದಲನೆಯದಕ್ಕೆ ಅವಕಾಶ ಕೊಡುತ್ತೀರಾ ಎಂದು ಕೇಳಬಹುದು, ಕೊಡುವುದು ಬಿಡುವುದು ಅವರ ಕೈಯಲ್ಲಿದೆ. ಮೇಲಧಿಕಾರಿ ಜೊತೆ ಮಾತಾಡಬೇಕು, ನಮ್ಮ ಕಾಲೇಜಿನ ಆಫೀಸಿಗೆ ಕರೆ ಮಾಡಿ ಕೇಳಿ ಎಂದು ವಿನಂತಿಸಿ. ಕಾಗದದ ಮೇಲೆ ಬರೆದಿಟ್ಟ ಆ ನಂಬರು ಉಪಯೋಗಕ್ಕೆ ಬರುವುದು ಇಲ್ಲೇ. ಓದಿ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ದನಿ ಏರಿಸಬೇಡಿ, ಸುಳ್ಳು ಹೇಳಬೇಡಿ. ಒಂದು ಸುಳ್ಳು ದಾಖಲಾದರೆ ಅದು ಮುಂದಿನ ಎಲ್ಲ ವೀಸಾ ಅರ್ಜಿಗಳಿಗೂ ಅಡ್ಡ ಬರುತ್ತದೆ.

7. ಲಗೇಜ್ ಎತ್ತಿ, ಮತ್ತೆ ಕೊಡಿ

ಬೂತು ದಾಟಿದ ಮೇಲೆ ಬೆಲ್ಟುಗಳ ಹಾಲ್. ನಿಮ್ಮ ವಿಮಾನದ ನಂಬರು ಯಾವ ಬೆಲ್ಟಿನಲ್ಲಿದೆ ನೋಡಿ. ಸಾಲಿನಲ್ಲಿ ತಡವಾಗಿದ್ದರೆ ಸೂಟ್‌ಕೇಸ್‌ಗಳನ್ನು ಬೆಲ್ಟಿನಿಂದ ಇಳಿಸಿ ಪಕ್ಕದಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಅಲ್ಲೂ ಹುಡುಕಿ. ಕಪ್ಪು ಸೂಟ್‌ಕೇಸ್ ಇದ್ದವರು ಹಿಡಿಕೆಗೆ ಬಣ್ಣದ ಬಟ್ಟೆ ಕಟ್ಟಿಕೊಂಡು ಬನ್ನಿ. ಒಂದು ಬಂದಿಲ್ಲ ಎಂದಾದರೆ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ, ರಸೀದಿ ಪಡೆದು ಮುಂದೆ ಹೋಗಿ.

ಕಸ್ಟಮ್ಸಿನವರು ತಿಂಡಿ ಇದೆಯೇ ಎಂದು ಕೇಳಿದರೆ 'ಇದೆ: ಪುಡಿಗಳು, ಉಪ್ಪಿನಕಾಯಿ, ಚಕ್ಕುಲಿ' ಎಂದು ಹೇಳಿ. ಹೇಳಿದ ವಸ್ತು ಒಯ್ಯಬಾರದ್ದಾಗಿದ್ದರೆ ತೆಗೆದು ಬಿಸಾಡುತ್ತಾರೆ, ಅಲ್ಲಿಗೆ ಮುಗಿಯಿತು. ಇಲ್ಲ ಎಂದು ಹೇಳಿ ಸ್ಕ್ಯಾನರಿನಲ್ಲಿ ಸಿಕ್ಕಿದರೆ ದಂಡ. ಅಲ್ಲಿ ವಾಸನೆ ಹಿಡಿಯುವ ಪುಟ್ಟ ಬೀಗಲ್ ನಾಯಿಗಳೂ ಓಡಾಡುತ್ತಿರುತ್ತವೆ. ಚೀಲದ ಪಕ್ಕ ಬಂದು ಕೂತರೆ ಒಳಗೆ ಹಣ್ಣೋ ಸೊಪ್ಪೋ ಇದೆ ಎಂದೇ ಅರ್ಥ.

ಕಸ್ಟಮ್ಸ್ ದಾಟಿದ ಕೂಡಲೇ ಮುಂದಿನ ವಿಮಾನಕ್ಕೆ ಲಗೇಜ್ ಕೊಡುವ ಜಾಗ. ಟ್ಯಾಗಿನಲ್ಲಿ ಸಿಎಂಐ ಎಂದಿರುವುದು ಈಗ ಉಪಯೋಗಕ್ಕೆ ಬರುತ್ತದೆ. ಹೊಸ ಟ್ಯಾಗ್ ಬೇಕಿಲ್ಲ, ಸಿಬ್ಬಂದಿಗೆ ತೋರಿಸಿ ಒಪ್ಪಿಸಿದರೆ ಆಯಿತು. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ದೊಡ್ಡ ಬಾಟಲಿಗಳನ್ನು ಈಗಲೇ ಸೂಟ್‌ಕೇಸಿಗೆ ತುರುಕಿ, ಏಕೆಂದರೆ ಮುಂದೆ ಮತ್ತೆ 100 ಮಿಲಿಲೀಟರ್ ನಿಯಮ. ಆಮೇಲೆ ಟರ್ಮಿನಲ್ 5ರಿಂದ ಏರ್‌ಪೋರ್ಟಿನ ಪುಟ್ಟ ರೈಲು ಹತ್ತಿ, ನಿಮ್ಮ ವಿಮಾನ ಇರುವ ಟರ್ಮಿನಲ್‌ಗೆ ಹೋಗಿ. ಅಮೆರಿಕನ್ ಏರ್‌ಲೈನ್ಸ್ ಆದರೆ 3. ಅಲ್ಲಿ ಟಿಎಸ್‌ಎ (ಅಮೆರಿಕದ ಏರ್‌ಪೋರ್ಟ್ ಭದ್ರತಾ ಇಲಾಖೆ) ಸೆಕ್ಯುರಿಟಿಗೆ ಮತ್ತೆ ಸಾಲು.

ವಿಮಾನ ತಪ್ಪಿತು ಅಂದುಕೊಳ್ಳಿ. ಸೀದಾ ವಿಮಾನ ಕಂಪನಿಯ ಕೌಂಟರಿಗೆ ಹೋಗಿ, ಇಮಿಗ್ರೇಷನ್‌ನಲ್ಲಿ ತಡವಾಯಿತು ಎಂದು ಹೇಳಿ. ಮುಂದಿನ ವಿಮಾನಕ್ಕೆ ಹಾಕಿಕೊಡುತ್ತಾರೆ. ಓಹೇರ್‌ನಿಂದ ಷಾಂಪೇನ್‌ಗೆ ಬಸ್ಸುಗಳೂ ಇವೆ, ಎರಡೂವರೆ ಮೂರು ಗಂಟೆಯ ದಾರಿ. ಹಾಗೆಂದು ಕೌಂಟರಿನಲ್ಲಿ ಹೇಳದೆ ಲಗೇಜ್ ಎಳೆದುಕೊಂಡು ಬಸ್ ಹತ್ತಿಬಿಡಬೇಡಿ. ಒಂದೇ ಟಿಕೆಟ್‌ನಲ್ಲಿ ಒಂದು ವಿಮಾನ ಬಿಟ್ಟರೆ ಅದರ ಮುಂದಿನವೆಲ್ಲ ರದ್ದಾಗುತ್ತವೆ, ವಾಪಸ್ ಬರುವ ಟಿಕೆಟ್ ಸಮೇತ.

8. ಅಬುಧಾಬಿ ದಾರಿಯಾದರೆ ಕತೆ ಬೇರೆ

ಅಬುಧಾಬಿಯಲ್ಲಿ 2014ರಿಂದ ಅಮೆರಿಕದ್ದೇ ಇಮಿಗ್ರೇಷನ್ ಕೇಂದ್ರವಿದೆ. ಅದಕ್ಕೆ ಪ್ರೀಕ್ಲಿಯರೆನ್ಸ್ ಎನ್ನುತ್ತಾರೆ. ಎತಿಹಾದ್ ವಿಮಾನದಲ್ಲಿ ನ್ಯೂಯಾರ್ಕಿಗೋ ಷಿಕಾಗೊಗೋ ಹೋಗುವವರು ಅಬುಧಾಬಿಯಲ್ಲೇ ಅಮೆರಿಕದ ಅಧಿಕಾರಿಗಳ ಎದುರು ನಿಂತು ಇಮಿಗ್ರೇಷನ್, ಕಸ್ಟಮ್ಸ್ ಎರಡನ್ನೂ ಮುಗಿಸುತ್ತಾರೆ. ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ವಿಮಾನದಿಂದ ಇಳಿದಂತೆ ನಡೆದು ಹೋಗುವುದೇ. ದುಬೈ, ದೋಹಾದಲ್ಲಿ ಈ ವ್ಯವಸ್ಥೆ ಇಲ್ಲ.

ಇದರ ಅನುಕೂಲ ದೊಡ್ಡದು, ಆದರೆ ಅಬುಧಾಬಿಯಲ್ಲಿ ಸಮಯ ಬೇಕು. ಅಲ್ಲಿ ಕಡಿಮೆ ಎಂದರೆ ಮೂರು ಗಂಟೆ ಬಿಡುವಿರುವ ಟಿಕೆಟ್ ಆರಿಸಿ. ಅಮೆರಿಕದ ಕಡೆ ಎರಡು ಗಂಟೆ ಸಾಕು. ಬೆಂಗಳೂರಿನಿಂದ ಬಂದಿಳಿದವರು ಅಂಗಡಿ ನೋಡುತ್ತಾ ನಿಲ್ಲದೆ ನೇರವಾಗಿ ಅಮೆರಿಕ ವಿಮಾನಗಳ ಬೋರ್ಡ್ ಹಿಡಿದು ಹೋಗಬೇಕು. ಒಳಗೆ ಇನ್ನೊಮ್ಮೆ ಸೆಕ್ಯುರಿಟಿ ಇದೆ, ನೀರಿನ ಬಾಟಲಿ ಕೂಡ ಬಿಡುವುದಿಲ್ಲ. ತಿಂಡಿ, ಊಟ ಮುಂಚೆಯೇ ಮುಗಿಸಿ. ಸೂಟ್‌ಕೇಸ್ ನಿಮ್ಮ ಕೈಗೆ ಬರುವುದಿಲ್ಲ, ಬೇಕಾದರೆ ಅದರ ಫೋಟೊ ತೋರಿಸಿ ನಿಮ್ಮದೇ ಎಂದು ಕೇಳುತ್ತಾರೆ. ಒಂದೇ ಟಿಕೆಟ್ ಆಗಿದ್ದರೆ ಸಾಮಾನ್ಯವಾಗಿ ಅದು ಕೊನೆಯ ಊರಿಗೇ ಹೋಗುತ್ತದೆ. ಬೆಂಗಳೂರಿನ ಕೌಂಟರಿನಲ್ಲಿ ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ.

9. ತಲುಪಿದ ಮೇಲೆ

ಎರಡು ಮೂರು ದಿನದೊಳಗೆ ಸಿಬಿಪಿಯ ಐ-94 ವೆಬ್‌ಸೈಟಿಗೆ ಹೋಗಿ ನಿಮ್ಮ ಪ್ರವೇಶದ ದಾಖಲೆ ತೆಗೆದು ಪ್ರಿಂಟ್ ಇಟ್ಟುಕೊಳ್ಳಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು ಸರಿ ಇದೆಯೇ? ವರ್ಗ ಎಫ್-1 ಎಂದಿದೆಯೇ? ಎಷ್ಟು ದಿನದವರೆಗೆ ಎಂಬಲ್ಲಿ ವಿದ್ಯಾರ್ಥಿಗಳಿಗೆ ಡಿ/ಎಸ್ ಎಂದು ಬರುವುದು ರೂಢಿ, ಅಂದರೆ ಓದು ನಿಯಮದಂತೆ ನಡೆಯುವವರೆಗೆ. ಇದನ್ನು ತೆಗೆದು ನಿಗದಿತ ದಿನಾಂಕ ಕೊಡುವ ಪ್ರಸ್ತಾವವನ್ನು ಅಮೆರಿಕ ಸರ್ಕಾರ 2025ರ ಆಗಸ್ಟಿನಲ್ಲಿ ಮುಂದಿಟ್ಟಿತು. ಹಾಗಾಗಿ ನಿಮ್ಮ ದಾಖಲೆಯಲ್ಲಿ ದಿನಾಂಕ ಕಂಡರೆ ಅದನ್ನು ಅಲಕ್ಷ್ಯ ಮಾಡದೆ ಕಾಲೇಜಿನವರಿಗೆ ತೋರಿಸಿ. ತಪ್ಪುಗಳಿದ್ದರೆ ಹತ್ತಿರದ ಸಿಬಿಪಿ ಡೆಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ತಿದ್ದಿಸಬಹುದು.

ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಹಾಜರಿ ಹಾಕಿಸುವುದನ್ನು ಮುಂದೂಡಬೇಡಿ. ಕೋರ್ಸ್ ಶುರುವಾದ 30 ದಿನದೊಳಗೆ ಅವರು ನಿಮ್ಮ ಹೆಸರನ್ನು ಸೆವಿಸ್‌ನಲ್ಲಿ ದಾಖಲಿಸಬೇಕು. ಅದಕ್ಕೆ ನಿಮ್ಮ ಸ್ಥಳೀಯ ವಿಳಾಸ, ಐ-94, ಪಾಸ್‌ಪೋರ್ಟ್ ಪ್ರತಿ ಬೇಕು. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು ಎಂಬ ನಿಯಮವನ್ನೂ ಅಂದೇ ನೋಟ್ ಮಾಡಿಕೊಳ್ಳಿ. ಮೊದಲ ತಿಂಗಳು ಗೆಳೆಯರ ರೂಮಿನ ಸೋಫಾದಲ್ಲಿ ಕಳೆಯುವವರು ಮರೆಯುವುದು ಇದನ್ನೇ.